2004ರ ಮಾರುತಿ 800ಕ್ಕೆ ಸ್ಪೀಕರ್ ಮತ್ತು ವಯರ್ ಬದಲಿಸಿದ ಲೆಕ್ಕ

ಕಾರು 2004ರ ಮಾರುತಿ 800, ಕೆಎಲ್ 14 ನಂಬರು, ಕೈಯಲ್ಲಿ ತಿರುಗಿಸುವ ಗಾಜು. ನಿಲ್ಲುವುದು ಕುಂಬಳೆ–ಬದಿಯಡ್ಕ ದಾರಿಯ ಒಂದು ಮನೆಯಂಗಳದಲ್ಲಿ, ತಗಡಿನ ಮಾಡಿನ ಕೆಳಗೆ. ಒಂದು ಕಡೆಯಿಂದ ಕಡಲಿನ ಉಪ್ಪು ಗಾಳಿ, ಇನ್ನೊಂದು ಕಡೆಯಿಂದ ಮುರಕಲ್ಲಿನ ಕೆಂಪು ಧೂಳು. ಇಪ್ಪತ್ತು ವರ್ಷದ ವಯರಿಂಗಿಗೆ ಇವೆರಡೂ ಏನು ಮಾಡಿವೆ ಎಂಬುದೇ ಈ ಕೆಲಸದ ಮುಕ್ಕಾಲು ಪಾಲು.

ಇದ್ದದ್ದು: ಹೊರಗಿನ ಅಂಗಡಿಯಲ್ಲಿ ಹಾಕಿಸಿದ ಯುಎಸ್‌ಬಿ ಸ್ಟೀರಿಯೊ, ಮುಂದಿನ ಬಾಗಿಲುಗಳಲ್ಲಿ ಐದೂಕಾಲು ಇಂಚಿನ ಎರಡು ಸ್ಪೀಕರ್, ಹಿಂದಿನ ಹಲಗೆಯಲ್ಲಿ 6×9 ಇಂಚಿನ ಎರಡು ಅಂಡಾಕಾರದ ಸ್ಪೀಕರ್. ತೊಂದರೆ: ಮುಂದಿನ ಬಲಗಡೆ ಕರಕರ, ಹಿಂದಿನ ಬಲಗಡೆ ಸತ್ತಿದೆ, ಡ್ರೈವರ್ ಬಾಗಿಲು ತೆರೆದರೆ ನಾಲ್ಕೂ ಕಡೆ ಬಂದ್. ಸ್ಟೀರಿಯೊದಲ್ಲಿ ಯಕ್ಷಗಾನದ ಪದ ಕೇಳುವ, ಕಾರಿನ ಯಜಮಾನರಾದ ಮಾವ ಹೇಳಿದ್ದು ಹೀಗೆ: "ನಾನು ಬಾಗಿಲು ತೆಗೆದರೆ ಭಾಗವತರು ಪದ ನಿಲ್ಲಿಸುತ್ತಾರೆ ಮಾರಾಯ. ಮುಚ್ಚಿದರೆ ಪುನಃ ಶುರು."

ಆ ಮಾತಿನಲ್ಲೇ ರೋಗ ಇತ್ತು. ಕೇಳಿಸಿಕೊಂಡ ನನಗೆ ಅದು ಹೊಳೆಯಲಿಲ್ಲ.

1. ಮೇ 4, 2024. ಅಂಗಡಿಗೆ ಮೊದಲು ಓಡಿದ್ದು

ಕರಕರ ಅಂದ ಕೂಡಲೇ ಸ್ಪೀಕರಿನ ಕೋನ್ (ಅದುರಿ ಸದ್ದು ಹೊರಡಿಸುವ ಪರದೆ) ಹರಿದಿದೆ ಎಂದು ತೀರ್ಮಾನಿಸಿ ಕಾಸರಗೋಡಿನಿಂದ ಐದೂಕಾಲು ಇಂಚಿನ ಕೋಆಕ್ಸಿಯಲ್ ಜೋಡಿ ತಂದದ್ದು, 2,150 ರೂಪಾಯಿ. 4 ಓಮ್ (ವಿದ್ಯುತ್ತಿಗೆ ಒಡ್ಡುವ ತಡೆ), 30 ವ್ಯಾಟ್ ಆರ್‌ಎಂಎಸ್ (ಸತತವಾಗಿ ತಾಳುವ ಶಕ್ತಿ). ಆಯ್ಕೆಯಲ್ಲಿ ತಪ್ಪಿಲ್ಲ. ಸ್ಟೀರಿಯೊದ ಮೇಲೆ "50 ವ್ಯಾಟ್ × 4" ಎಂದು ಎಷ್ಟೇ ದೊಡ್ಡದಾಗಿ ಬರೆದಿರಲಿ, ಕಾರಿನ 14 ವೋಲ್ಟಿನಿಂದ 4 ಓಮಿನ ಸ್ಪೀಕರಿಗೆ ಒಡೆಯದ ಸದ್ದಾಗಿ ಸಿಗುವುದು 20 ವ್ಯಾಟಿನ ಆಸುಪಾಸು. ಬೇರೆ ಆಂಪ್ಲಿಫಯರ್ ಇಲ್ಲದ ಕಾರಿಗೆ 25ರಿಂದ 40 ವ್ಯಾಟ್ ಆರ್‌ಎಂಎಸ್ ಧಾರಾಳ. 100 ವ್ಯಾಟಿನದ್ದಕ್ಕೆ ಹಣ ಹಾಕಿ ಗಳಿಸುವುದೇನಿಲ್ಲ.

ಬಲಬಾಗಿಲಿನ ಪ್ಯಾಡ್ (ಒಳಬದಿಯ ಮುಚ್ಚಳ) ಬಿಚ್ಚಿ, ಹೊಸ ಸ್ಪೀಕರನ್ನು ಕೈಯಲ್ಲೇ ಹಿಡಿದು ಹಳೆ ವಯರಿಗೆ ಸಿಕ್ಕಿಸಿ ನೋಡಿದರೆ ಅದೇ ಕರಕರ. ಬಾಗಿಲು ಅಲ್ಲಾಡಿಸಿದಾಗ ಜೋರು. ಕೋನ್ ಪರೀಕ್ಷೆ ಮಾಡಲು ಬೇಕಿದ್ದದ್ದು 10 ರೂಪಾಯಿಯ ಪೆನ್ಸಿಲ್ ಸೆಲ್, 2,150ರ ಹೊಸ ಜೋಡಿ ಅಲ್ಲ.

2. ಮೇ 5. ಮೀಟರ್ ಹಿಡಿದದ್ದು

10ರ ಸ್ಪ್ಯಾನರಿನಲ್ಲಿ ಬ್ಯಾಟರಿಯ ಮೈನಸ್ ಕಳಚಿ, ಸ್ಟೀರಿಯೊ ಎಳೆದು, ಹಿಂದಿನ ಕಪ್ಲರ್ (ವಯರು ಸೇರಿಸುವ ಪ್ಲಗ್) ಬಿಡಿಸಿದ್ದಾಯಿತು. ಈ ಪರೀಕ್ಷೆ ಸ್ಟೀರಿಯೊ ಸೇರಿಸಿಕೊಂಡು ಮಾಡುವಂಥದ್ದಲ್ಲ. ಬರೀ ವಯರಿನ ಮೇಲೆ ಮಾಡುವುದು.

ಸ್ಟೀರಿಯೊ ಕಡೆಯ ಬಣ್ಣಗಳು ಹೆಚ್ಚುಕಡಿಮೆ ಎಲ್ಲದರಲ್ಲೂ ಒಂದೇ: ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಅದೇ ಬಣ್ಣಕ್ಕೆ ಕಪ್ಪು ಗೆರೆ ಇದ್ದರೆ ಮೈನಸ್. ಹಳದಿಗೆ ಸದಾ 12 ವೋಲ್ಟ್, ಕೆಂಪಿಗೆ ಚಾವಿ ತಿರುಗಿಸಿದ ಮೇಲೆ 12 ವೋಲ್ಟ್, ಕಪ್ಪು ಅರ್ತ್. ಕಾರಿನ ಕಡೆಯ ಬಣ್ಣ ಮಾತ್ರ ನಂಬಬಾರದು. ನಡುವೆ ಎಷ್ಟು ಕೈ ಆಡಿದೆಯೋ ಅಷ್ಟು ಬಣ್ಣ. ಈ ಕಾರಿನಲ್ಲಿ ಹಿಂದಿನ ಎಡಕ್ಕೆ ಹೋದದ್ದು ಮನೆ ವಯರಿಂಗಿನ ಕೆಂಪು-ಕಪ್ಪು ಜೋಡಿ.

ಮೀಟರಿನ ಎರಡು ಮುಳ್ಳು ತಾಗಿಸಿದಾಗಲೇ 0.3 ಓಮ್ ತೋರಿಸುತ್ತಿತ್ತು. ಅದನ್ನು ಕಳೆದು ಬರೆದದ್ದು:

ಮುಂದಿನ ಎಡ: 3.5 ಓಮ್. ಕಾರಿನ ಬಾಡಿಗೆ (ತಗಡಿನ ಮೈಗೆ) ಸಂಪರ್ಕ ಇಲ್ಲ. ಸರಿ.
ಮುಂದಿನ ಬಲ: 3.6, ಬಾಗಿಲು ಆಡಿಸಿದರೆ 40ರ ವರೆಗೆ ಕುಣಿಯುತ್ತದೆ. ಬಾಗಿಲು ಪೂರ್ತಿ ತೆರೆದಾಗ ಪ್ಲಸ್ ವಯರಿನಿಂದ ಬಾಡಿಗೆ 2 ಓಮ್.
ಹಿಂದಿನ ಎಡ: 3.6.
ಹಿಂದಿನ ಬಲ: ಸಂಪರ್ಕವೇ ಇಲ್ಲ.

4 ಓಮಿನ ಸ್ಪೀಕರ್ ಮೀಟರಿನಲ್ಲಿ 3.2ರಿಂದ 3.8 ತೋರಿಸುವುದು ಸಹಜ. ಅಷ್ಟಕ್ಕೆ ಸ್ಪೀಕರ್ ಹೋಯಿತು ಅಂದುಕೊಳ್ಳುವುದು ಬೇಡ.

ಇನ್ನೂ ಒಂದು ಅಳತೆ ಬಾಕಿ ಇತ್ತು, ಹೆಚ್ಚಿನವರು ಬಿಡುವಂಥದ್ದು: ಒಂದು ಚಾನೆಲಿನಿಂದ (ಒಂದು ಸ್ಪೀಕರಿಗೆ ಹೋಗುವ ವಯರಿನ ಜೋಡಿಯಿಂದ) ಇನ್ನೊಂದಕ್ಕೆ. ಹಸಿರಿನಿಂದ ನೇರಳೆ-ಕಪ್ಪಿಗೆ ಹಿಡಿದರೆ ಏನೂ ತೋರಿಸಬಾರದು. ತೋರಿಸಿದ್ದು 3.6. ಅಂದರೆ ಹಿಂದಿನ ಎರಡು ಮೈನಸ್ ಎಲ್ಲೋ ಕೂಡಿವೆ. ಹಿಂದಿನ ಸೀಟ್ ಎತ್ತಿದಾಗ ಸಿಕ್ಕಿತು: ಮೂರೇ ವಯರು ಎಳೆದು, ಎರಡು ಮೈನಸ್ ಒಟ್ಟಿಗೆ ತಿರುಚಿ, ಮೇಲೆ ಕಪ್ಪು ಟೇಪು. ಅಂಟೆಲ್ಲ ಕರಗಿ ಬೆಲ್ಲದ ಪಾಕದ ಹಾಗೆ ಬೆರಳಿಗೆ ಹತ್ತುತ್ತಿತ್ತು. ಹಳೆ ಕ್ಯಾಸೆಟ್ ಕಾಲದಲ್ಲಿ ಮೈನಸ್ ಒಟ್ಟು ಮಾಡಿದರೂ, ಬಾಡಿಗೆ ಕೊಟ್ಟರೂ ನಡೆಯುವ ಸೆಟ್‌ಗಳಿದ್ದವು. ಈಗಿನ ಸ್ಟೀರಿಯೊದಲ್ಲಿ ಮೈನಸ್ ಎನ್ನುವ ವಯರಿನಲ್ಲೂ ಸಿಗ್ನಲ್ ಇರುತ್ತದೆ. ಎರಡು ಮೈನಸ್ ಕೂಡಿದರೆ ಚಿಪ್ ಒಳಗೊಳಗೇ ಬಡಿದಾಡಿ ಬಿಸಿಯಾಗುತ್ತದೆ, ಬಾಡಿಗೆ ತಾಗಿದರೆ ತನ್ನನ್ನು ಉಳಿಸಿಕೊಳ್ಳಲು ಬಾಯಿ ಮುಚ್ಚುತ್ತದೆ. ಭಾಗವತರು ಪದ ನಿಲ್ಲಿಸುತ್ತಿದ್ದದ್ದು ಇದಕ್ಕೇ.

ಸ್ಟೀರಿಯೊ ಬದುಕಿದೆಯೇ ಎಂದು ನೋಡಲು ಹಳದಿ, ಕೆಂಪು, ಕಪ್ಪು ಮಾತ್ರ ಸೇರಿಸಿ, ಬ್ಯಾಟರಿ ಕೊಟ್ಟು, ಸ್ಪೀಕರ್ ಇಲ್ಲದೆಯೇ ಆನ್ ಮಾಡಿ, ಎಂಟು ಸ್ಪೀಕರ್ ವಯರುಗಳಲ್ಲಿ ಒಂದೊಂದನ್ನೂ ಬಾಡಿಗೆ ಹಿಡಿದು ಡಿಸಿ ವೋಲ್ಟ್ ಅಳೆದದ್ದು. ಬ್ಯಾಟರಿ 12.4 ಇದ್ದಾಗ ಎಂಟರಲ್ಲೂ 6.1ರ ಹತ್ತಿರ. ಒಂದೇ ಚಾನೆಲಿನ ಪ್ಲಸ್-ಮೈನಸ್ ನಡುವೆ 20 ಮಿಲಿವೋಲ್ಟಿಗಿಂತ ಕಡಿಮೆ. ಯಾವುದಾದರೂ ಒಂದು 0 ಅಥವಾ 12 ತೋರಿಸಿದ್ದರೆ ಆ ಚಾನೆಲ್ ಸತ್ತಿದೆ ಎಂದೇ ಲೆಕ್ಕ. ಅದಕ್ಕೆ ಹೊಸ ಸ್ಪೀಕರ್ ಕೊಟ್ಟರೆ ಅದರ ಕಾಯಿಲೂ (ಒಳಗಿನ ತಂತಿಯ ಸುರುಳಿ) ಸುಡುತ್ತದೆ. ಇಷ್ಟು ಸಲ ಶಾರ್ಟ್ ಆಗಿಯೂ ಇದು ಉಳಿದದ್ದು ಅದೃಷ್ಟ.

ಪೆನ್ಸಿಲ್ ಸೆಲ್ ಪರೀಕ್ಷೆ ಅರ್ಧ ಗಂಟೆಯ ಕೆಲಸ. ವಯರಿನ ಜೋಡಿಗೆ 1.5 ವೋಲ್ಟ್ ಒಂದು ಕ್ಷಣ ತಾಗಿಸಿ ತೆಗೆಯುವುದು, ಯಾವ ಸ್ಪೀಕರ್ "ಟಕ್" ಅನ್ನುತ್ತದೆ ನೋಡುವುದು. ಸೆಲ್ಲಿನ ಪ್ಲಸ್ ಸ್ಪೀಕರಿನ ಪ್ಲಸ್‌ಗೆ ತಾಗಿದರೆ ಕೋನ್ ಹೊರಗೆ ಬರುತ್ತದೆ, ತಿರುಗಾಮುರುಗಾ ಆದರೆ ಒಳಗೆ ಹೋಗುತ್ತದೆ. ಹಿಂದಿನ ಬಲದ್ದು ಯಾವುದಕ್ಕೂ ಅಲುಗಲಿಲ್ಲ. ಕೋನಿಗೆ ಹೋಗುವ ಜಡೆಯಂಥ ತಂತಿ ಹಸಿರು ಪುಡಿಯಾಗಿ ಉದುರಿತ್ತು.

3. ವಯರ್: ಅಗ್ಗದ್ದಕ್ಕೆ ಕೊಟ್ಟ 280 ರೂಪಾಯಿ

ಬೇಕಾದ ಉದ್ದ: ಮುಂದಿನ ಬಾಗಿಲುಗಳಿಗೆ ತಲಾ 3.5 ಮೀಟರ್, ಹಿಂದಕ್ಕೆ ತಲಾ 5 ಮೀಟರ್, ಒಟ್ಟು 17. ತೆಗೆದುಕೊಂಡದ್ದು 20.

ಮೊದಲು ತಂದದ್ದು ಪಾರದರ್ಶಕ ಕೋಟಿನ "ಸ್ಪೀಕರ್ ವಯರ್", ಮೀಟರಿಗೆ 14 ರೂಪಾಯಿ. ಕತ್ತರಿಸಿ ಬ್ಲೇಡಿನಲ್ಲಿ ಒಂದು ಎಳೆ ಕೆರೆದಾಗ ಒಳಗೆ ಬೆಳ್ಳಗೆ. ತಾಮ್ರದ ಬಣ್ಣ ಹೊರಗಷ್ಟೇ, ಒಳಗೆ ಅಲ್ಯುಮಿನಿಯಂ. ಅಂಗಡಿ ಭಾಷೆಯಲ್ಲಿ ಸಿಸಿಎ. ಒಂದು ಎಳೆಯನ್ನು ಲೈಟರ್ ಬೆಂಕಿಗೆ ಹಿಡಿದರೂ ಗೊತ್ತಾಗುತ್ತದೆ: ತಾಮ್ರ ಕೆಂಪಗಾಗಿ ನಿಲ್ಲುತ್ತದೆ, ಇದು ಮುದುಡಿ ಬೀಳುತ್ತದೆ. ಘಟ್ಟದ ಮೇಲೆ ಒಣ ಊರಿನಲ್ಲಿ ಇದು ಹೇಗೋ ನಡೆದೀತು. ನಮ್ಮ ಕಡೆ ಕ್ರಿಂಪ್ ಮಾಡಿದ (ಒತ್ತಿ ಬಿಗಿದ) ತುದಿಗೆ ಉಪ್ಪಿನ ತೇವ ಸೇರಿದರೆ ಬೇಗನೆ ಬಿಳಿ ಪುಡಿ. ಬೆಸುಗೆಯೂ ಸರಿಯಾಗಿ ಹಿಡಿಯುವುದಿಲ್ಲ.

ಎರಡನೆಯದು ಎಲೆಕ್ಟ್ರಿಕಲ್ ಅಂಗಡಿಯಿಂದ: 1 ಚದರ ಮಿ.ಮೀ. ತಾಮ್ರದ ಎರಡೆಳೆ ಫ್ಲೆಕ್ಸಿಬಲ್, ಮೀಟರಿಗೆ 38. ಮತ್ತೆ ಮತ್ತೆ ಮಡಿಸಿದರೂ ಮುರಿಯದಷ್ಟು ತೆಳು ಎಳೆಗಳು ಇರಬೇಕು. ಬಾಗಿಲಿಗೆ ಒಂಟಿ ಕಂಬಿಯ ಮನೆ ವಯರ್ ಹಾಕಿದರೆ ವರ್ಷದೊಳಗೆ ತುಂಡು. ಐದು ಮೀಟರ್ ದೂರಕ್ಕೆ ಹೋಗಿಬರುವ ತಡೆ 0.2 ಓಮಿನಷ್ಟು, ಈ ಶಕ್ತಿಗೆ ಲೆಕ್ಕಕ್ಕೇ ಇಲ್ಲ. 2.5 ಚದರ ಮಿ.ಮೀ. ದಪ್ಪದ್ದು ಬಾಗಿಲಿನ ತೂತಿನಲ್ಲಿ ಬಗ್ಗುವುದೂ ಇಲ್ಲ, ಬೇಕೂ ಇಲ್ಲ. ಸಿಕ್ಕಿದರೆ ತವರ ಲೇಪಿಸಿದ ತಾಮ್ರ ಕಡಲ ಕರೆಗೆ ಇನ್ನೂ ಒಳ್ಳೆಯದು. ಅದೂ ಹೊರಗೆ ಬೆಳ್ಳಗೆ, ಆದರೆ ಕೆರೆದರೆ ಒಳಗೆ ಕೆಂಪು. ಸಿಸಿಎಗೆ ಸರೀ ಉಲ್ಟಾ.

4. ಮೇ 11. ಬಾಗಿಲು

ಪ್ಯಾಡ್ ತೆಗೆಯುವ ಕ್ರಮ: ಕೈಹಿಡಿಯ ಎರಡು ಸ್ಟಾರ್ ಸ್ಕ್ರೂ, ಒಳಗಿನ ಲಾಕ್ ಹಿಡಿಯ ಸುತ್ತಿನ ಪ್ಲಾಸ್ಟಿಕ್, ಆಮೇಲೆ ಗಾಜು ತಿರುಗಿಸುವ ಹ್ಯಾಂಡಲ್. ಹ್ಯಾಂಡಲಿನ ಬುಡದಲ್ಲಿ ಕುದುರೆಲಾಳದ ಆಕಾರದ ಸ್ಪ್ರಿಂಗ್ ಕ್ಲಿಪ್ ಇರುತ್ತದೆ. ಹಳೆ ಬನಿಯನ್ನಿನ ಪಟ್ಟಿಯೊಂದನ್ನು ಹ್ಯಾಂಡಲಿಗೂ ಪ್ಯಾಡಿಗೂ ನಡುವೆ ತೂರಿಸಿ, ಎರಡೂ ತುದಿ ಹಿಡಿದು ಶೂ ಪಾಲಿಶ್ ಮಾಡುವ ಹಾಗೆ ಆಚೀಚೆ ಎಳೆದರೆ ಕ್ಲಿಪ್ ಚಿಮ್ಮುತ್ತದೆ. ಮೇಲೆ ಒಂದು ಟವೆಲ್ ಹೊದೆಸಿಕೊಳ್ಳುವುದು ಕ್ಷೇಮ. ಮೊದಲನೆಯದು ಚಿಮ್ಮಿ ಅಂಗಳದ ಜಲ್ಲಿಯಲ್ಲಿ ಬಿದ್ದು, ಹುಡುಕಲು ಹಳೆ ಸ್ಪೀಕರಿನ ಮ್ಯಾಗ್ನೆಟ್ಟೇ ಬೇಕಾಯಿತು.

ಪ್ಯಾಡನ್ನು ಕೆಳಮೂಲೆಯಿಂದ, ಕ್ಲಿಪ್ಪಿನ ಪಕ್ಕಕ್ಕೇ ಪುಟ್ಟಿ ಅಲಗು ಕೊಟ್ಟು ಎಬ್ಬಿಸಬೇಕು. ದೂರದಿಂದ ಎಳೆದರೆ ಇಪ್ಪತ್ತು ವರ್ಷದ ಹಾರ್ಡ್‌ಬೋರ್ಡ್ ಹಪ್ಪಳದ ಹಾಗೆ ಬಿಡುತ್ತದೆ. ಎಡಬಾಗಿಲಿನಲ್ಲಿ ಹಾಗೆಯೇ ಎರಡು ಕಡೆ ಬಿಟ್ಟಿತು; ಹಿಂದಿನಿಂದ ಬಟ್ಟೆಯ ತುಂಡಿಗೆ ಫೆವಿಕಾಲ್ ಸವರಿ ಅಂಟಿಸಿದ್ದು. ಕ್ಲಿಪ್ಪುಗಳು ಹೇಗೂ ಒಡೆಯುತ್ತವೆ, ಮೊದಲೇ ಒಂದು ಡಜನ್ ತಂದಿಟ್ಟುಕೊಳ್ಳುವುದು ಲೇಸು.

ಬಲಬಾಗಿಲಿನ ಸತ್ಯ ಹಿಂಜಿನ ಸಂದಿನಲ್ಲಿ ಕಂಡಿತು. ಕೈ ಗಾಜಿನ ಈ ಕಾರಿನ ಬಾಗಿಲಿಗೆ ಕಂಪೆನಿಯಿಂದ ವಯರು ಬಂದಿರಲಿಲ್ಲ. ಹಿಂದೆ ಸ್ಪೀಕರ್ ಹಾಕಿದವರು ಕಂಬದಲ್ಲಿ ಒಂದು, ಬಾಗಿಲಿನಲ್ಲಿ ಒಂದು ತೂತು ಕೊರೆದು, ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಕೂರುವ ಬಳೆ) ಹಾಕದೆ ವಯರು ತೂರಿಸಿದ್ದರು. ತಗಡಿನ ಅಂಚು ಬ್ಲೇಡಿನಂತೆ. ಪ್ಲಸ್ ವಯರಿನ ಮೇಲ್ಕೋಟು ಒಂದು ಬೆರಳಗಲ ಸವೆದು, ತಾಮ್ರ ಕಪ್ಪಗಾಗಿ, ಏಳೆಂಟು ಎಳೆಗಳಲ್ಲಿ ಮೂರೋ ನಾಲ್ಕೋ ಉಳಿದಿದ್ದವು. ತೂತಿನ ಸುತ್ತ ಬಣ್ಣ ಎದ್ದು ತುಕ್ಕು ಬೇರೆ.

ಮಾಡಿದ್ದು:

ತೂತನ್ನು ದುಂಡು ಅರದಿಂದ ಉಜ್ಜಿ ಎರಡೂ ಕಡೆ 14 ಮಿ.ಮೀ.ಗೆ ತಂದು, ಅಂಚು ನುಣುಪು ಮಾಡಿ, ರೆಡ್ ಆಕ್ಸೈಡ್ ಪ್ರೈಮರ್ ಎರಡು ಕೋಟ್, ಒಂದು ರಾತ್ರಿ ಒಣಗಲು ಬಿಟ್ಟದ್ದು. ಒಣಗುವ ಮೊದಲು ಗ್ರಾಮೆಟ್ ಹಾಕಿದರೆ ಪ್ರೈಮರ್ ರಬ್ಬರಿನ ಜೊತೆ ಕಿತ್ತು ಬರುತ್ತದೆ. ನಾಲ್ಕು ಗ್ರಾಮೆಟ್, ತಲಾ 10 ರೂಪಾಯಿ.

ಎರಡು ಗ್ರಾಮೆಟ್ ನಡುವೆ ವಯರಿಗೆ ಸೈಕಲ್ ಟ್ಯೂಬಿನ 18 ಸೆಂ.ಮೀ. ತುಂಡಿನ ಕವಚ, ಎರಡೂ ತುದಿಗೆ ಕೇಬಲ್ ಟೈ. ಇದು ಸುಂದರವಲ್ಲ, ಆದರೆ ಬಾಗಿಲು ಮುಚ್ಚಿದರೆ ಕಾಣುವುದೂ ಇಲ್ಲ.

ಉದ್ದ ಅಳೆಯುವಾಗ ಬಾಗಿಲನ್ನು ತಡೆಯ ವರೆಗೆ ತೆರೆದು, ಅದರ ಮೇಲೆ 6 ಸೆಂ.ಮೀ. ಸಡಿಲ. ಎಡಕ್ಕೆ ಮೊದಲ ಸಲ ಅರ್ಧ ತೆರೆದ ಬಾಗಿಲಿನಲ್ಲಿ ಅಳೆದು ಕತ್ತರಿಸಿ 40 ಸೆಂ.ಮೀ. ಹಾಳು. ಸಡಿಲ ಹೆಚ್ಚಾದರೂ ಕಷ್ಟವೇ: ಬಾಗಿಲು ಮುಚ್ಚುವಾಗ ವಯರಿನ ಉಂಗುರ ಹಿಂಜಿನಲ್ಲಿ ಸಿಕ್ಕಿ ಜಜ್ಜುತ್ತದೆ. ಸಡಿಲವನ್ನು ಕೆಳಕ್ಕೆ ಇಳಿಬಿಡಬೇಕು, ಆಗ ಮಳೆನೀರು ವಯರು ಹಿಡಿದು ಕಾರಿನೊಳಗೆ ಬರುವ ಬದಲು ಕೆಳಬಾಗಿದಲ್ಲಿ ತೊಟ್ಟಿಕ್ಕಿ ಹೋಗುತ್ತದೆ.

5. ಮೇ 12. ಗೋಧಿಹಿಟ್ಟಿನ ಉಂಡೆ

ಹೊಸ ಸ್ಪೀಕರ್ ಹಳೆಯ ತೂತಿಗೆ ಸರಿಯಾಗಿ ಕೂತಿತು. ನಾಲ್ಕು ಸ್ಕ್ರೂ ಬಿಗಿದು, ಪ್ಯಾಡ್ ಹಾಕಿ, ಹ್ಯಾಂಡಲ್ ಹಾಕಿ ಗಾಜು ಇಳಿಸಿದರೆ ಮುಕ್ಕಾಲಿಗೆ ನಿಂತಿತು. ಪುನಃ ಎಲ್ಲ ಬಿಚ್ಚಬೇಕಾಯಿತು. ವ್ಯಾಸ ಒಂದೇ ಇದ್ದರೂ ಹಳೆಯದರ ಮ್ಯಾಗ್ನೆಟ್ ತೆಳು. ಹೊಸದರ ಆಳ 52 ಮಿ.ಮೀ. ಅಂಗಡಿಯಲ್ಲಿ ಇಂಚು ಮಾತ್ರ ಕೇಳುತ್ತೇವೆ, ಆಳ ಕೇಳುವುದಿಲ್ಲ. ಪೆಟ್ಟಿಗೆಯ ಮೇಲೆ ಬರೆದಿರುತ್ತದೆ.

ಆಳ ಅಳೆಯುವ ಸುಲಭ ಉಪಾಯ ಅಡುಗೆಮನೆಯಲ್ಲಿದೆ. ಚಪಾತಿ ಹಿಟ್ಟಿನ ನಿಂಬೆ ಗಾತ್ರದ ಉಂಡೆಯನ್ನು ಮ್ಯಾಗ್ನೆಟ್ಟಿನ ಬೆನ್ನಿಗೆ ಅಂಟಿಸಿ, ಗಾಜು ಪೂರ್ತಿ ಇಳಿಸಿ, ಸ್ಪೀಕರನ್ನು ಕೈಯಲ್ಲಿ ತೂತಿಗೆ ಒತ್ತಿ ತೆಗೆಯುವುದು. ಉಂಡೆ ಎಷ್ಟಕ್ಕೆ ಚಪ್ಪಟೆಯಾಯಿತೋ, ಸ್ಪೀಕರ್ ಎಷ್ಟು ಹೊರಗೆ ಉಳಿಯಿತೋ, ಎರಡನ್ನೂ ಅಳೆದರೆ ಲೆಕ್ಕ ಸಿಕ್ಕಿತು. ಗಾಜಿಗೆ ಒಣ ಹಿಟ್ಟು ಸವರಿಟ್ಟರೆ ಅಂಟುವುದಿಲ್ಲ. ಬಾಗಿಲಿನ ತಗಡಿನಿಂದ ಗಾಜಿಗೆ ಇದ್ದದ್ದು 46 ಮಿ.ಮೀ. ಗಾಜು ಇಳಿಯುವಾಗ ಸ್ವಲ್ಪ ಓಲಾಡುವುದರಿಂದ ಕನಿಷ್ಠ 4 ಮಿ.ಮೀ. ಬಿಡುವು ಬೇಕು. ಸ್ಪೀಕರನ್ನು 10 ಮಿ.ಮೀ. ಈಚೆಗೆ ತರಬೇಕು.

12 ಮಿ.ಮೀ. ಪ್ಲೈವುಡ್ಡಿನಲ್ಲಿ ಉಂಗುರ: ಹೊರ ವ್ಯಾಸ 160, ಒಳ ವ್ಯಾಸ 118 ಮಿ.ಮೀ., ಜಿಗ್‌ಸಾದಲ್ಲಿ ಕೊಯ್ದದ್ದು. ನೀರು ತಡೆಯುವ ಪ್ಲೈ ಆಗಬೇಕು. ಸಾಮಾನ್ಯದ್ದು ಒಂದು ಮಳೆಗಾಲಕ್ಕೆ ಪುಸ್ತಕದ ಹಾಗೆ ಪದರ ಬಿಡುತ್ತದೆ. ಅಂಚಿಗೆ ಎನಾಮೆಲ್ ಪೇಂಟ್ ಮೂರು ಕೋಟ್, ಮುಖಕ್ಕಿಂತ ಅಂಚೇ ನೀರು ಕುಡಿಯುವುದು. ಉಂಗುರವನ್ನು ತಗಡಿಗೆ ಬಿಗಿದ ಸ್ಕ್ರೂ ಬೇರೆ, ಸ್ಪೀಕರನ್ನು ಉಂಗುರಕ್ಕೆ ಬಿಗಿದ ಸ್ಕ್ರೂ ಬೇರೆ.

ಮತ್ತೆ ಪ್ಯಾಡ್ ಹಾಕಿ ಹ್ಯಾಂಡಲ್ ತಿರುಗಿಸಿದರೆ ಹೊಸ ಗ್ರಹಚಾರ. ಸ್ಪೀಕರಿನ ಗುಮ್ಮಟದಂಥ ಜಾಲರಿ ಈಗ ಪ್ಯಾಡಿನಿಂದ 25 ಮಿ.ಮೀ. ಹೊರಗೆ, ಹ್ಯಾಂಡಲಿನ ತೋಳು 20ರಲ್ಲಿ ಸುತ್ತುತ್ತದೆ. ಒಂದೊಂದು ಸುತ್ತಿಗೂ ಟಕ್. ಗುಮ್ಮಟದ ಜಾಲರಿ ಬಿಟ್ಟು ಚಪ್ಪಟೆ ಜಾಲರಿ ಹಾಕಿದಾಗ ಎತ್ತರ 17ಕ್ಕೆ ಇಳಿಯಿತು. 3 ಮಿ.ಮೀ. ಬಿಡುವು. ಜೋಡಿಗೆ 180 ರೂಪಾಯಿ. ಪವರ್ ವಿಂಡೋ ಇದ್ದವರಿಗೆ ಈ ರಗಳೆ ಇಲ್ಲ.

ಟರ್ಮಿನಲ್: ಅಗಲದ ಪಟ್ಟಿ ಪ್ಲಸ್, ಸಣ್ಣದು ಮೈನಸ್. ಅಳತೆಗೆ ತಕ್ಕ ಲಗ್ (ವಯರಿನ ತುದಿಗೆ ಹಾಕುವ ಲೋಹದ ತುಂಡು) ಕ್ರಿಂಪ್ ಮಾಡಿ, ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿ, ಸಿಕ್ಕಿಸಿದ ಮೇಲೆ ಚೂರು ವ್ಯಾಸಲಿನ್. ಸ್ಪೀಕರಿನ ಪಟ್ಟಿಗೇ ಬೆಸುಗೆ ಹಾಕಲು ಹೋದರೆ ಐದು ಸೆಕೆಂಡ್ ದಾಟಿದಲ್ಲಿ ಬುಡದ ಪ್ಲಾಸ್ಟಿಕ್ ಕರಗಿ ಪಟ್ಟಿ ಅಲುಗಾಡುತ್ತದೆ. ಹಾಗೆ ಅಲುಗಾಡುವ ಹಳೆ ಸ್ಪೀಕರ್ ಒಂದು ಈ ಕಾರಿನಿಂದಲೇ ಹೊರಬಂದಿದೆ.

6. ಹಿಂದಿನ ಹಲಗೆ

ಇದು ಬೇಗ ಮುಗಿಯಿತು. 6×9 ಜೋಡಿ 2,700. ವಯರು ಬಾಗಿಲ ಕೆಳಗಿನ ಪಟ್ಟಿಯಡಿ, ಕಾರ್ಪೆಟ್ಟಿನ ಅಂಚಿನಲ್ಲಿ, ಹಿಂದಿನ ಸೀಟಿನ ಅಡಿಯಿಂದ ಮೇಲಕ್ಕೆ. ಮುಂದಿನ ಸೀಟಿನ ಹಳಿಯ ಹತ್ತಿರ ಎಲ್ಲೂ ಬೇಡ, ಸೀಟು ಸರಿಸಿದಾಗ ಕತ್ತರಿಯಂತೆ ಕತ್ತರಿಸುತ್ತದೆ. ವಯರನ್ನು ನೆಲಕ್ಕೆ ಸ್ಕ್ರೂ ಹೊಡೆದು ಹಿಡಿಸುವ ಆಲೋಚನೆ ಇದ್ದರೆ ಮೊದಲು ಕಾರಿನಡಿ ಮಲಗಿ ನೋಡಿ: ತಗಡಿನ ಆಚೆಗೆ ಪೆಟ್ರೋಲ್ ಪೈಪ್, ಬ್ರೇಕ್ ಪೈಪ್ ಓಡುತ್ತವೆ. ಬಟ್ಟೆಯ ಟೇಪು ಸಾಕು. ಹಲಗೆ ತೆಗೆದು ಅಡಿಕೆ ಗೋಣಿ ಹಾಕುವ ಅಭ್ಯಾಸವಿರುವ ಕಾರಾದ್ದರಿಂದ, ಹಲಗೆಯ ಬುಡದಲ್ಲಿ ನಾಲ್ಕು ಪಿನ್ನಿನ ಕಪ್ಲರ್ ಇಟ್ಟದ್ದು. ನಾಲ್ಕು ಪಿನ್, ನಾಲ್ಕು ವಯರು. ಈ ಸಲ ಯಾರ ಮೈನಸ್ಸೂ ಯಾರ ಜೊತೆಗೂ ಕೂಡಿಲ್ಲ.

ಹಲಗೆಯನ್ನು ಮಾತ್ರ ಕ್ಲಿಪ್ಪಿಗೆ ಬಿಡದೆ ಎರಡು ಕಡೆ ಪಟ್ಟಿ ಕಟ್ಟಬೇಕು. ಎರಡು ಮ್ಯಾಗ್ನೆಟ್ಟಿನ ಭಾರ ಹೊತ್ತ ಹಲಗೆ ಗಟ್ಟಿ ಬ್ರೇಕಿಗೆ ಎಲ್ಲಿಗೆ ಹಾರೀತು ಎಂದು ಊಹಿಸಿದರೆ ಸಾಕು.

7. ಮೇ 18. ಜೋಡಣೆ, ಮದ್ದಳೆ, ಗುಂಯ್‌ಗುಡುವಿಕೆ

ಸ್ಟೀರಿಯೊ ಹಿಂದೆ ತಿರುಚಿ ಟೇಪು ಸುತ್ತಿದ ಹನ್ನೊಂದು ಜೋಡು ಇದ್ದವು. ಎಲ್ಲ ಕಿತ್ತು ಐಎಸ್‌ಒ ಕಪ್ಲರ್ ಜೋಡಿ, 140 ರೂಪಾಯಿ. ಬೆಸುಗೆ, ಹೀಟ್ ಶ್ರಿಂಕ್, ಮೇಲೆ ಬಟ್ಟೆ ಟೇಪು. ಹೀಟ್ ಶ್ರಿಂಕನ್ನು ಬೆಸುಗೆಗೆ ಮೊದಲೇ ವಯರಿಗೆ ಪೋಣಿಸಿಕೊಳ್ಳಬೇಕು ಎಂಬುದು ಎಲ್ಲರಿಗೂ ಗೊತ್ತು; ಎರಡು ಜೋಡು ಬಿಚ್ಚಿ ಮತ್ತೆ ಮಾಡಿದ್ದೂ ನಿಜ. ಸ್ಟೀರಿಯೊದ ಬೆನ್ನಿನ ಫ್ಯೂಸ್ ತೆಗೆದು ನೋಡಿದರೆ 25 ಆಂಪಿಯರ್. ಇರಬೇಕಾದದ್ದು 10. ಹಿಂದೆ ಪದೇ ಪದೇ ಹಾರುತ್ತದೆ ಎಂದು ಯಾರೋ ದೊಡ್ಡದು ಹಾಕಿರಬೇಕು. ಬದಲಿಸಿದ್ದಾಯಿತು.

ಪೋಲಾರಿಟಿ (ಪ್ಲಸ್-ಮೈನಸ್ ಸರಿ ಸೇರಿದೆಯೇ ಎಂಬ) ಪರೀಕ್ಷೆಗೆ ಸಿನಿಮಾ ಹಾಡಿಗಿಂತ ತಾಳಮದ್ದಳೆಯ ಹಳೆ ರೆಕಾರ್ಡಿಂಗ್ ಉತ್ತಮ. ಒಂದೇ ಮೈಕಿನದ್ದು ಆದ್ದರಿಂದ ಎಡ-ಬಲ ಎರಡರಲ್ಲೂ ಒಂದೇ ಸದ್ದು. ಫೇಡರ್ (ಹಿಂದೆ-ಮುಂದೆ ಸದ್ದು ಹಂಚುವುದು) ಪೂರ್ತಿ ಮುಂದಕ್ಕೆ, ಬ್ಯಾಲೆನ್ಸ್ (ಎಡ-ಬಲ ಹಂಚುವುದು) ನಡುವಿಗೆ. ಸರಿ ಇದ್ದರೆ ಭಾಗವತರು ಡ್ಯಾಶ್‌ಬೋರ್ಡಿನ ನಡುವೆ ಕೂತು ಹಾಡುತ್ತಾರೆ, ಮದ್ದಳೆಯ ಗುಂ ಎನ್ನುವ ಸದ್ದಿಗೆ ಮೈ ಇರುತ್ತದೆ. ಒಂದು ಸ್ಪೀಕರ್ ಉಲ್ಟಾ ಆದರೆ ಸ್ವರ ಎಲ್ಲಿಂದ ಬರುತ್ತದೆಂದೇ ತಿಳಿಯದು, ಮದ್ದಳೆ ಡಬ್ಬ ಬಡಿದ ಹಾಗೆ. ಬ್ಯಾಲೆನ್ಸನ್ನು ಪೂರ್ತಿ ಒಂದು ಬದಿಗೆ ತಿರುಗಿಸಿದಾಗ ಮದ್ದಳೆ ತುಂಬಿ ಬಂದು, ನಡುವಿಗೆ ತಂದಾಗ ಸೊರಗಿದರೆ ಸಂಶಯವೇ ಬೇಡ. ಇಲ್ಲಿ ಮುಂದಿನದು ಸರಿ ಇತ್ತು, ಹಿಂದಿನ ಎಡ ಉಲ್ಟಾ. ಎರಡು ಬಣ್ಣ ಇಲ್ಲದ ಕಡೆ ಒಂದು ಎಳೆಗೆ ಗಂಟು ಹಾಕಿಟ್ಟಿದ್ದೆ. ಕಪ್ಲರಿನಲ್ಲಿ ಗಂಟಿನದ್ದು ಪ್ಲಸ್ಸೋ ಮೈನಸ್ಸೋ ಎಂದು ಬರೆದಿಡಲು ಮರೆತದ್ದು ನನ್ನದೇ ಕೆಲಸ.

ಎಂಜಿನ್ ಚಾಲೂ ಮಾಡಿದ ಮೇಲೆ ಇನ್ನೊಂದು. ಆಕ್ಸಿಲರೇಟರ್ ಒತ್ತಿದ ಹಾಗೆಲ್ಲ ಸೊಳ್ಳೆಯಂಥ ಗುಂಯ್, ವೇಗಕ್ಕೆ ತಕ್ಕ ಹಾಗೆ ಸ್ವರ ಏರುತ್ತದೆ. ಸ್ಪೀಕರ್ ವಯರಿನ ಮೇಲೆ ಸಂಶಯಪಟ್ಟು ಒಂದು ಗಂಟೆ ವ್ಯರ್ಥ. ಮೂಲ ಅರ್ತ್ ವಯರು: ಸಿಗರೇಟ್ ಲೈಟರಿನ ಹಿಂದೆ ಬಣ್ಣದ ಮೇಲೆಯೇ ಬಿಗಿದ ಸ್ಕ್ರೂವಿಗೆ ಅದನ್ನು ಸುತ್ತಿದ್ದರು. ಹೆಡ್‌ಲೈಟ್ ಹಾಕಿ, ಸ್ಟೀರಿಯೊದ ಮೈಗೂ ಬ್ಯಾಟರಿಯ ಮೈನಸ್‌ಗೂ ನಡುವೆ ಅಳೆದರೆ 0.4 ವೋಲ್ಟ್. ಡ್ಯಾಶಿನ ಕೆಳಗಿನ ಬಾಡಿ ಬೋಲ್ಟ್ ಒಂದರ ಬುಡವನ್ನು ಎಮರಿ ಕಾಗದದಲ್ಲಿ ಹೊಳೆಯುವ ತನಕ ಉಜ್ಜಿ, ರಿಂಗ್ ಲಗ್ ಬಿಗಿದು, ಮೇಲೆ ವ್ಯಾಸಲಿನ್ ಸವರಿದ ಮೇಲೆ 0.03. ಗುಂಯ್ ಹೋಯಿತು. ಮಂಗಳೂರು ಆಕಾಶವಾಣಿಯ 100.3 ಕೂಡ ಮೊದಲಿಗಿಂತ ಶುಭ್ರ.

8. ಮೇ 19. ನೀರು

ಬಾಗಿಲಿನೊಳಗೆ ನೀರು ಬರುವುದು ಕಾರು ಹಾಳಾದ ಲಕ್ಷಣವಲ್ಲ. ಗಾಜಿನ ಸಂದಿಯಿಂದ ಇಳಿದು ಬುಡದ ತೂತುಗಳಿಂದ ಹೊರಗೆ ಹೋಗುವ ಹಾಗೆಯೇ ಬಾಗಿಲು ಮಾಡಿರುವುದು. ಒಂದು ಚೊಂಬು ನೀರನ್ನು ಹೊರಗಿನಿಂದ ಗಾಜಿನ ಮೇಲೆ ಸುರಿದು ಒಳಗೆ ಟಾರ್ಚ್ ಬಿಟ್ಟರೆ ದಾರಿ ಕಾಣುತ್ತದೆ: ಸರಿಯಾಗಿ ಮ್ಯಾಗ್ನೆಟ್ಟಿನ ತಲೆಯ ಮೇಲೆ. ಬುಡದ ಮೂರು ತೂತುಗಳಲ್ಲಿ ಎರಡು ಕೆಂಪು ಮಣ್ಣಿನಿಂದ ಕಟ್ಟಿದ್ದವು. ಕಂಬಿಯಲ್ಲಿ ಚುಚ್ಚಿದಾಗ ಚಹಾದ ಬಣ್ಣದ ನೀರು ಅರ್ಧ ಲೀಟರಿನಷ್ಟು ಇಳಿಯಿತು.

ಸ್ಪೀಕರಿಗೊಂದು ಮಾಡು (ಸೂರು): ಐದು ಲೀಟರಿನ ಎಣ್ಣೆ ಕ್ಯಾನಿನ ಬಾಗಿದ ಬದಿಯನ್ನು 15×9 ಸೆಂ.ಮೀ. ಕತ್ತರಿಸಿ, ಮ್ಯಾಗ್ನೆಟ್ಟಿನ ಮೇಲೆ ಚಾಚುವಂತೆ ಉಂಗುರಕ್ಕೂ ತಗಡಿಗೂ ನಡುವೆ ಸಿಕ್ಕಿಸಿದ್ದು. ಮೇಲ್ಭಾಗ ಮಾತ್ರ ಮುಚ್ಚಬೇಕು. ಸುತ್ತಲೂ ಮುಚ್ಚಿದರೆ ಸದ್ದು ಉಸಿರುಗಟ್ಟುತ್ತದೆ. ಇಲ್ಲೂ ಹಿಟ್ಟಿನ ಉಂಡೆಯಿಂದಲೇ ಗಾಜಿನ ದೂರ ನೋಡಿಕೊಳ್ಳಬೇಕು.

ಪ್ಯಾಡಿನ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಹಿಂದಿನವರು ಚೌಕಾಕಾರ ಕತ್ತರಿಸಿ ಎಸೆದಿದ್ದರು. ಹೊಸ ಪಾಲಿಥಿನ್ ಹಾಳೆ, ಸುತ್ತ ಕಪ್ಪು ಬ್ಯುಟೈಲ್ (ಅಂಟುವ ರಬ್ಬರಿನ) ಟೇಪು.

9. ಜುಲೈ 14. ಆಷಾಢದ ತೀರ್ಪು

ಆರು ವಾರದ ಮಳೆ ಕಳೆದ ಮೇಲೆ ಬಾಗಿಲು ಬಿಚ್ಚಿ ನೋಡಿದ್ದು. ಸ್ಪೀಕರ್ ಒಣ, ಲಗ್ ಹೊಳಪು, ಗ್ರಾಮೆಟ್ ಜಾಗದಲ್ಲೇ. ನಾಲ್ಕೂ ಚಾನೆಲ್ 3.4ರಿಂದ 3.7 ಓಮ್, ಬಾಗಿಲು ಆಡಿಸಿದರೂ ಅಲುಗದು, ಬಾಡಿಗೆ ಯಾವುದೂ ಇಲ್ಲ.

ಆದರೆ ಎಡಗಡೆ ಕಾಲಡಿಯ ಮ್ಯಾಟ್ ಒದ್ದೆ, ಕೆಳಗೆ ಬೂಸ್ಟು. ಬಲಗಡೆ ಇಲ್ಲ. ವ್ಯತ್ಯಾಸ ಒಂದೇ: ಬಲಬಾಗಿಲಿನಲ್ಲಿ ಹಾಳೆಯ ಕೆಳ ಅಂಚನ್ನು ತಗಡಿನ ಸಂದಿನಲ್ಲಿ ಬಾಗಿಲಿನ ಹೊಟ್ಟೆಯೊಳಕ್ಕೆ ಇಳಿಬಿಟ್ಟಿದ್ದೆ, ಎಡಕ್ಕೆ ಹೊತ್ತಾಯಿತೆಂದು ಹೊರಗಿನಿಂದಲೇ ಟೇಪು ಹಾಕಿದ್ದೆ. ಹಾಳೆ ಹಿಡಿದು ಇಳಿದ ನೀರು ಬಲದಲ್ಲಿ ಬಾಗಿಲಿನೊಳಗೆ ಬಿದ್ದು ತೂತಿನಿಂದ ಹೋಯಿತು. ಎಡದಲ್ಲಿ ಟೇಪಿನ ಮೇಲೆ ನಿಂತು, ಸಂದು ಮಾಡಿಕೊಂಡು ಕಾರ್ಪೆಟ್ಟಿಗೆ. ಕೆಳ ಅಂಚು ಒಳಗೆ, ಉಳಿದ ಮೂರು ಅಂಚು ಹೊರಗೆ ಅಂಟಿಸುವುದು: ಮಂಗಳೂರು ಹೆಂಚಿನ ಮಾಡಿನಲ್ಲಿ ಮೇಲಿನ ಸಾಲು ಕೆಳಗಿನದರ ಮೇಲೆ ಬರುವ ಹಾಗೆ. ಅರ್ಧ ಗಂಟೆಯಲ್ಲಿ ಸರಿ ಮಾಡಿದ್ದು, ಮ್ಯಾಟ್ ಒಣಗಿಸಲು ಮೂರು ದಿನ. ಆ ಮೂರು ದಿನ ಬಿಸಿಲೇ ಬರಲಿಲ್ಲ.

ಖರ್ಚು, ರೂಪಾಯಿಯಲ್ಲಿ

ಮುಂದಿನ ಸ್ಪೀಕರ್ ಜೋಡಿ 2,150
ಹಿಂದಿನ ಜೋಡಿ 2,700
ತಾಮ್ರದ ವಯರ್, 20 ಮೀಟರ್ 760
ಐಎಸ್‌ಒ ಕಪ್ಲರ್ 140
ಚಪ್ಪಟೆ ಜಾಲರಿ 180
ಬ್ಯುಟೈಲ್ ಟೇಪು 240, ಪಾಲಿಥಿನ್ ಹಾಳೆ 30
ಬಟ್ಟೆ ಟೇಪು 130
ಲಗ್ ಮತ್ತು ನಾಲ್ಕು ಪಿನ್ ಕಪ್ಲರ್ 80, ಹೀಟ್ ಶ್ರಿಂಕ್ 60
ಗ್ರಾಮೆಟ್ 40, ಪ್ಯಾಡ್ ಕ್ಲಿಪ್ 60, ಕೇಬಲ್ ಟೈ 50
ಎಸೆದ ಸಿಸಿಎ ವಯರ್ 280

ಒಟ್ಟು 6,900. ಪ್ಲೈ, ಪ್ರೈಮರ್, ಪೇಂಟ್, ಸೈಕಲ್ ಟ್ಯೂಬ್ ಮನೆಯಲ್ಲಿದ್ದದ್ದು. ಬಿಚ್ಚಿದ ಮುಂದಿನ ಎರಡು ಹಳೆ ಸ್ಪೀಕರುಗಳನ್ನು ಆಮೇಲೆ ಸರಿಯಾದ ವಯರಿಗೆ ಹಾಕಿ ನೋಡಿದರೆ, ಬಲದ್ದು ಸುಮಾರು ಚೆನ್ನಾಗಿಯೇ ಹಾಡುತ್ತದೆ. ಎಡದ್ದು ಟರ್ಮಿನಲ್ ಪಟ್ಟಿ ಸಡಿಲವಾದದ್ದು. ಮುಂದಿನ ಬಾಗಿಲುಗಳಿಗೆ ಒಂದೇ ಸ್ಪೀಕರ್, ವಯರು, ಗ್ರಾಮೆಟ್ ಸಾಕಿತ್ತು. ಮಾವನಿಗೆ ಇದನ್ನು ಹೇಳಿಲ್ಲ.

ಬಾಕಿ ಉಳಿದದ್ದು: ಚೆಂಡೆ ಏರುಪೆಟ್ಟಿಗೆ ಬಂದಾಗ ಎಡಬಾಗಿಲಿನ ಲಾಕ್ ಕಂಬಿ ತಗಡಿಗೆ ತಾಗಿ ಟಕಟಕ. ಕಂಬಿಗೆ ಫೋಮ್ ಸುತ್ತಬೇಕು, ಅದಕ್ಕೆ ಪುನಃ ಪ್ಯಾಡ್ ಬಿಚ್ಚಬೇಕು, ಕ್ಲಿಪ್ ಉಳಿದಿರುವುದು ಮೂರೇ.